ಮೊಲದ ಬೂಟು

ಆರ್ವೊ ಬೂಟಿನ ಪಕ್ಕದ ಗಾಳಿಗುಂಡಿಯನ್ನು, ಒಳಗಿನ ಗಾಳಿ ಹೊರಬಿಡುವ ಆ ಪುಟ್ಟ ತಿರುಪನ್ನು, ಬಿಗಿಯಾಗಿ ತಿರುಗಿಸಿ, ಅದನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಎರಡೂ ಕೈಯಿಂದ ಅದುಮಿದ. ಹೆಲ್ವಿ ಉಸಿರು ಬಿಗಿಹಿಡಿದು ನೋಡಿದಳು. ಹಿಮ್ಮಡಿಯ ಹತ್ತಿರದಿಂದ ಒಂದು ಗುಳ್ಳೆ ಎದ್ದಿತು. ಅದರ ಹಿಂದೆಯೇ ಇನ್ನೊಂದು.

"ಹೋಯ್ತು. ಇದನ್ನ ಕೊಡಲ್ಲ," ಎಂದ ಆರ್ವೊ.

"ಇಷ್ಟು ಸಣ್ಣ ತೂತಿಗಾ? ನಾನೇ ತೇಪೆ ಹಾಕ್ಕೋತೀನಿ ಮಾಮ. ಇಡೀ ರಾಶೀಲಿ ನನ್ನ ಅಳತೆಯದ್ದು ಇದೊಂದೇ ಇರೋದು."

"ಎರಡು ರಬ್ಬರಿನ ನಡುವೆ ಉಣ್ಣೆ ಇಟ್ಟು ಮುಚ್ಚಿದ್ದಾರೆ. ಅಲ್ಲಿಗೆ ನೀರು ಹೊಕ್ಕರೆ ಜನ್ಮದಲ್ಲಿ ಒಣಗಲ್ಲ. ಆಮೇಲೆ ಇದು ಬೂಟಲ್ಲ ತಾಯಿ, ಐಸ್ ಪೆಟ್ಟಿಗೆ."

ಸೈನ್ಯದವರು ಹರಾಜಿಗೆ ಹಾಕಿದ ಹಳೆಯ ಸರಕನ್ನು ಆರ್ವೊ ತನ್ನ ಗ್ಯಾರೇಜಿನಲ್ಲಿಟ್ಟು ಮಾರುತ್ತಿದ್ದ. ಈ ಬಿಳಿ, ದಪ್ಪ, ಉಬ್ಬಿದ ಬೂಟುಗಳು ಅಲಾಸ್ಕಾದಲ್ಲಿ ಯಾವ ಯಾವ ಸೈನಿಕರೋ ತೊಟ್ಟು ಬಿಟ್ಟವು. ಊರವರ ಬಾಯಲ್ಲಿ ಮೊಲದ ಬೂಟು. ಕೆರೆ ಹೆಪ್ಪುಗಟ್ಟಿ, ಮಂಜುಗಡ್ಡೆ ಕೊರೆದು ಗಾಳ ಇಳಿಸುವ ಕಾಲ ಬಂತೆಂದರೆ ಎಲ್ಲರೂ ಇಲ್ಲಿಗೇ ಬರುವವರು.

"ಹೋದ ವರ್ಷ ಏನು ಹಾಕ್ಕೊಂಡಿದ್ದೆ?"

"ಸ್ಕೂಲ್ ಬಸ್ ಓಡಿಸುವಾಗ ಹಾಕ್ಕೊಳ್ಳೋ ಬೂಟೇ. ಒಳಗೆ ಮೂರು ಜೊತೆ ಕಾಲುಚೀಲ."

"ಮೂರು ಜೊತೆ!" ಆರ್ವೊ ಕೈಯಲ್ಲಿದ್ದ ಬೂಟನ್ನೇ ಕೆಳಗಿಟ್ಟು ನಕ್ಕ. "ಕಾಲನ್ನ ಸಾಸೇಜ್ ಥರ ತುರುಕಿದ್ರೆ ರಕ್ತ ಎಲ್ಲಿ ಓಡಾಡಬೇಕು ಮಾರಾಯ್ತಿ? ಕಾಲುಚೀಲ ಒಂದೇ ಜೊತೆ, ಬೂಟು ಒಂದಳತೆ ದೊಡ್ಡದು. ಅಷ್ಟಕ್ಕೂ ನಿನಗೆ ಮೀನೇ ಸೇರಲ್ವಲ್ಲ. ನಾನು ಕೊಟ್ಟ ಪೈಕ್ ಮೀನನ್ನ ಬೆಕ್ಕಿಗೆ ಹಾಕಿದೆಯಂತೆ?"

"ಬೆಕ್ಕು ನಿನ್ನನ್ನ ತುಂಬ ಹೊಗಳಿತು." ಹೆಲ್ವಿಯೂ ನಕ್ಕಳು. ಆಮೇಲೆ ನಗು ನಿಂತಿತು. "ಮೀನಿಗಲ್ಲ ಮಾಮ, ರೋಂಡಾಗೋಸ್ಕರ. ಅವರಪ್ಪ ಬಿಟ್ಟು ಹೋದಾಗಿನಿಂದ ಮನೇಲಿ ಬಾಯೇ ಬಿಡಲ್ಲ ಹುಡುಗಿ. ಊಟ ಆಯ್ತಾ? ಹೂಂ. ಸ್ಕೂಲು ಹೇಗಿತ್ತು? ಹೂಂ. ಕೆರೆ ಮೇಲೆ, ತೂತಿನ ಪಕ್ಕ ಕೂತ್ರೆ ಮಾತ್ರ ಏನಾದ್ರೂ ಹೇಳ್ತಾಳೆ. ಅದೂ ತಕ್ಷಣ ಅಲ್ಲ, ತುಂಬ ಹೊತ್ತು ಕಾಯಬೇಕು. ಅವಳು ಬಾಯಿ ತೆಗೆಯೋ ಹೊತ್ತಿಗೆ ನನ್ನ ಕಾಲು ಮರಗಟ್ಟಿ ಅಳು ಬರೋ ಹಾಗಾಗಿರುತ್ತೆ. ನಡಿ ಮನೆಗೆ ಹೋಗೋಣ ಅಂತೀನಿ. ಮತ್ತೆ ಬಾಯಿ ಮುಚ್ಚಿಕೊಳ್ತಾಳೆ."

ಆರ್ವೊ ರಾಶಿಯ ತಳಕ್ಕೆ ಕೈ ಹಾಕಿ ಇನ್ನೊಂದು ಜೊತೆ ಎಳೆದ, ಬಕೆಟ್ಟಿನಲ್ಲಿ ಅದುಮಿದ, ಗುಳ್ಳೆ ಕಂಡು ಮೂಲೆಗೆಸೆದ. ಮತ್ತೊಂದು ತೆಗೆದ. ಅದೂ ಮೂಲೆ ಸೇರಿತು. ಕೊರೆಯುವ ನೀರಿನಲ್ಲಿ ಅವನ ಕೈ ಮೊಣಕೈವರೆಗೆ ಕೆಂಪಾಗಿತ್ತು.

"ಸಾಕು ಬಿಡು ಮಾಮ. ಕೈ ನೋಡ್ಕೋ ಹೇಗಾಗಿದೆ."

"ನೀನು ಸುಮ್ನಿರು."

ಕೊನೆಗೊಂದು ಜೊತೆ ನೀರಿನಡಿ ಸದ್ದಿಲ್ಲದೆ ಕೂತಿತು. ಅದುಮಿದ, ತಿರುಗಿಸಿ ಅದುಮಿದ. ಒಂದು ಗುಳ್ಳೆಯೂ ಏಳಲಿಲ್ಲ. ಹೊರತೆಗೆದು ಒರೆಸಿ ಹೆಲ್ವಿಯ ಮುಂದಿಟ್ಟ. ಒಂದಳತೆ ದೊಡ್ಡದು. ಒಳಗಡೆ ಯಾರದೋ ಹೆಸರು ಮಸಿಯಲ್ಲಿ ಬರೆದಿದ್ದು ಅರ್ಧ ಅಳಿಸಿತ್ತು.

"ಯಾರೋ ಪುಣ್ಯಾತ್ಮ, ಜೋಪಾನವಾಗಿ ಇಟ್ಕೊಂಡಿದ್ದಾನೆ," ಎಂದಳು ಹೆಲ್ವಿ, ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತ. ದುಡ್ಡು ಕೊಟ್ಟು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಮಾಮ, ನಿನ್ನ ಉಪಕಾರಾನ ನಾನು..."

"ಆ ಗಾಳಿಗುಂಡಿ ತೆಗೀಬೇಡ. ವಿಮಾನ ಹತ್ತಿದಾಗ ಮಾತ್ರ ತೆಗೀಬೇಕು, ಇಲ್ಲಾಂದ್ರೆ ಮೇಲೆ ಹೋದ ಹಾಗೆ ಬೂಟು ಉಬ್ಬಿ ಒಡೆಯುತ್ತೆ."

"ನಾನ್ಯಾವ ವಿಮಾನ ಹತ್ತಲಿ?"

"ಹಾಗಾದ್ರೆ ತೆಗೀಬೇಡ. ಬಾಗಿಲು ಹಾಕ್ಕೊಂಡು ಹೋಗು, ಚಳಿ ಬರುತ್ತೆ."

ಭಾನುವಾರ ಕೆರೆಯ ಮೇಲೆ ತಾಯಿಯ ಕಾಲು ನೋಡಿ ರೋಂಡಾ, "ಅಮ್ಮಾ, ಮೀನಿಗೆ ಬಂದಿದೀಯಾ ಚಂದ್ರನ ಮೇಲೆ ಇಳಿಯೋಕೆ ಹೊರಟಿದೀಯಾ?" ಎಂದಳು. ಅಷ್ಟೇ. ಆಮೇಲೆ ಇಬ್ಬರೂ ಬಕೆಟ್ ಬೋರಲು ಹಾಕಿ ಕೂತರು. ರೋಂಡಾ ತನ್ನ ತೂತಿನಲ್ಲಿ ಗಾಳ ಇಳಿಬಿಟ್ಟು ಆಡಿಸುತ್ತಿದ್ದಳು. ಹೆಲ್ವಿಯ ಕಾಲ ಬಳಿಯ ತೂತಿಗೆ ಅಡ್ಡಲಾಗಿ ಮರದ ಪಟ್ಟಿ, ಅದರಡಿ ನೀರಿನಲ್ಲಿ ಗಾಳದ ದಾರ ಸುತ್ತಿದ ಉರುಳೆ, ಪಟ್ಟಿಯ ಮೇಲೆ ಬಗ್ಗಿಸಿ ಸಿಕ್ಕಿಸಿದ ಕೆಂಪು ಬಾವುಟ. ಮೀನು ಕಚ್ಚಿದರೆ ಬಾವುಟ ಚಟ್ಟನೆ ನೆಟ್ಟಗಾಗುತ್ತದೆ. ಕಂಡವರು ಕೂಗಬೇಕು, ಕೇಳಿದವರು ಕೈಲಿದ್ದದ್ದನ್ನೆಲ್ಲ ಬಿಟ್ಟು ಓಡಬೇಕು. ಆ ಕೆರೆಯ ಮೇಲೆ ಅದಕ್ಕಿಂತ ದೊಡ್ಡ ಕಾನೂನಿಲ್ಲ.

ಹೊತ್ತು ಇಳಿಯಿತು. ಅಕ್ಕಪಕ್ಕದವರು ಎದ್ದು ಹೋದರು. ಹೆಲ್ವಿ ಬೂಟಿನೊಳಗೆ ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದಳು. ಎಲ್ಲವೂ ಬೆಚ್ಚಗಿದ್ದವು. ಮನಸ್ಸಿನಲ್ಲೇ ಆರ್ವೊಗೂ, ಅರ್ಧ ಅಳಿಸಿದ ಆ ಹೆಸರಿನವನಿಗೂ ಕೈ ಮುಗಿದಳು.

"ಅಪ್ಪ ಫೋನ್ ಮಾಡಿದ್ರು," ಎಂದಳು ರೋಂಡಾ, ನೀರಿನ ಕಡೆ ನೋಡುತ್ತಲೇ. "ಹೋದ ವಾರ. ನೀನು ಬಸ್ ಓಡಿಸೋಕೆ ಹೋಗಿದ್ದೆ. ನಾನು ಮಾತಾಡ್ಲಿಲ್ಲ. ಫೋನ್ ಇಟ್ಟುಬಿಟ್ಟೆ. ಆಮೇಲೆ..."

ಅದೇ ಹೊತ್ತಿಗೆ ಹೆಲ್ವಿಯ ಕಾಲ ಬಳಿ ಕೆಂಪು ಬಾವುಟ ಎದ್ದು ನಿಂತಿತು. ನೀರಿನಡಿಯಲ್ಲಿ ದಾರ ಸರಸರನೆ ಬಿಚ್ಚಿಕೊಳ್ಳುತ್ತಿತ್ತು. ಎಳೆತ ನೋಡಿದರೆ ದೊಡ್ಡ ಮೀನೇ.

ಹೆಲ್ವಿ ಮಗಳ ಮುಖದಿಂದ ಕಣ್ಣು ಕೀಳದೆ, ಆ ದಪ್ಪ ಬಿಳಿ ಬೂಟನ್ನು ಮೆಲ್ಲಗೆ ಚಾಚಿ ಬಾವುಟವನ್ನು ಮಂಜುಗಡ್ಡೆಗೆ ಒತ್ತಿಹಿಡಿದಳು.

"ಆಮೇಲೆ?" ಎಂದಳು.