ದುರ್ಗಿಯ ಎರಡು ಬೆರಳು

"ಒಂದೇ ಟ್ಯೂನು ಅಕ್ಕೋರೆ," ಎಂದು ದುರ್ಗಿ ಹೇಳಿಬಿಟ್ಟಳು. ಕೋಡಿಬಾಗದ ಆ ಸಂಗೀತ ಶಾಲೆಯಲ್ಲಿ ಇಪ್ಪತ್ತನೇ ಶತಮಾನದ ಪಾಶ್ಚಾತ್ಯ ಸಂಗೀತದ ತರಗತಿಗೆ ಹತ್ತು ಜನರನ್ನು ಆರಿಸುತ್ತಿದ್ದರು. ಉಳಿದದ್ದು ಒಂದೇ ಜಾಗ. ಕಲಿಸುವ ದೀಪಾಲಿ ಅಕ್ಕೋರು ಸ್ಪೀಕರಿನಲ್ಲಿ ಪಿಯಾನೊ ಕೃತಿಯೊಂದನ್ನು ಹಾಕಿ, ಇದರಲ್ಲಿ ಎಷ್ಟು ಟ್ಯೂನುಗಳಿವೆ ಎಂದು ಕೇಳಿದ್ದರು. ಅದೇ ಜಾಗಕ್ಕೆ ಬಂದಿದ್ದ, ಕಾಲೇಜು ಓದುವ ರೂಪೇಶ ಆರು ಎಂದಿದ್ದ.

"ಎಂಟ್ನೇ ಕ್ಲಾಸಿಗೆ ಶಾಲೆ ಬಿಟ್ಟವ್ಳು," ಎಂದು ಈಗ ಅವನು ನಕ್ಕ. "ಒಂದರ ಮುಂದೆ ಎಣಿಸೂಕೆ ಬರೂದಿಲ್ಲ ಇವ್ಳಿಗೆ."

ದುರ್ಗಿಯ ಕಿವಿ ಬಿಸಿಯಾಯಿತು. ಅವಳು ಎರಡೂ ತೋರುಬೆರಳುಗಳಿಂದ ಬೆಂಚು ಕುಟ್ಟತೊಡಗಿದಳು. ಮೊದಲು ಎರಡೂ ಕೂಡಿ ಬಿದ್ದವು. ಆಮೇಲೆ ಬಲಬೆರಳು ಕೂದಲೆಳೆಯಷ್ಟು ಚುರುಕಾಯಿತು. ಬೆಂಚಿನ ತುಂಬ ಹೊಸ ಹೊಸ ತಾಳಗಳು ಹುಟ್ಟಿದವು. "ಪಿಯಾನೊ ಎರಡು. ಇಬ್ರೂ ಬಾರ್ಸೂದು ಅದನ್ನೇ. ಒಬ್ರು ಸ್ವಲ್ಪ ಬೇಗ ಹೋಗ್ತಾರೆ, ಅಷ್ಟೇಯ," ಎಂದಳು ತಲೆ ಎತ್ತದೆ. "ದೇವಬಾಗದಲ್ಲಿ ಅಪ್ಪನ ದೋಣಿ, ಬಾಳಾ ಕಾಕಾನ ದೋಣಿ ಜೊತೆಗೇ ಹೊರಡ್ತವೆ. ಎರಡಕ್ಕೂ ಒಂದೇ ನಮನಿ ಇಂಜಿನು. ದಡದಲ್ಲಿ ನಿಂತ್ರೆ ಹತ್ತು ದೋಣಿ ಹೋದ ಹಾಂಗೆ ಕೇಳ್ತದೆ. ತಡೀರಿ, ಈಗ ಪಿಯಾನೊ ಎರಡೂ ಕೂಡ್ತವೆ."

ಕೃತಿ ಇನ್ನೂ ನುಡಿಯುತ್ತಲೇ ಇತ್ತು; ಅಕ್ಕೋರು ಸ್ಪೀಕರಿನ ಸದ್ದು ಏರಿಸಿದರು. ಗೋಜಲಾಗಿದ್ದ ಸ್ವರಗಳು ಮೆಲ್ಲಗೆ ಹತ್ತಿರ ಸರಿದವು. ದುರ್ಗಿಯ ಬೆರಳುಗಳೂ ಸರಿದವು. ಎರಡು ಪಿಯಾನೊ, ಎರಡು ಬೆರಳು ಒಂದೇ ಪೆಟ್ಟಿನಲ್ಲಿ ಕೂಡಿದವು.

"ಹತ್ತನೇ ಜಾಗ ನಿಂದು ತಂಗಿ," ಎಂದರು ಅಕ್ಕೋರು. ರೂಪೇಶ ತಾನೂ ಬೆಂಚು ಕುಟ್ಟಿ ನೋಡಿದ. ನಾಲ್ಕನೇ ಪೆಟ್ಟಿಗೇ ತಪ್ಪಿದ. ದುರ್ಗಿ ತಲೆ ಎತ್ತಿ ಅವನ ಕಡೆ ತಿರುಗಿದಳು.

"ಹಾಂಗಲ್ಲ," ಎಂದಳು. "ಎಡಗೈ ಅವಸರ ಮಾಡೂಕಿಲ್ಲ."