ಬೆವರದ ಪಟ್ಟೆಗಳು

ಮಗಳ ಬೆನ್ನು ತಾಯಿಯ ಕಣ್ಣೆದುರೇ ಕಪ್ಪಾಗುತ್ತಿತ್ತು. ಡಾಕ್ಟರಮ್ಮ ಬೆನ್ನಿಗೆಲ್ಲ ಅಯೋಡಿನ್ ಬಳಿದು, ಮೇಲೆ ಗಂಜಿಪುಡಿ ಉದುರಿಸಿ, ಬಿಸಿ ದೀಪದ ಕೆಳಗೆ ಕೂರಿಸಿದ್ದರು. ಬೆವರಿದ ಕಡೆ ಪುಡಿ ಕಪ್ಪಾಯಿತು. ನಡುನಡುವೆ ಅಗಲವಾದ ಪಟ್ಟೆಗಳು ಮಾತ್ರ ಒಣಗಿದಂತೆ ಹಾಗೇ ಉಳಿದವು.

“ಈ ಪಟ್ಟೆಗಳಲ್ಲಿ ಬೆವರೇ ಬರಲ್ಲಮ್ಮ,” ಎಂದರು ಡಾಕ್ಟರು. “ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮ್ ಇರುತ್ತೆ. ಹೊಟ್ಟೇಲಿದ್ದಾಗಲೇ ಒಂದೊಂದು ಜೀವಕೋಶಾನೂ ಎರಡರಲ್ಲಿ ಒಂದರ ಬಾಯಿ ಮುಚ್ಚಿಸಿಬಿಡುತ್ತೆ. ನಿಮ್ಮ ಮಗಳಿಗೆ ಒಂದು ಕೆಟ್ಟಿದೆ. ಸರಿಯಾಗಿರೋದು ಸುಮ್ಮನಾದ ಕಡೆಯೆಲ್ಲ ಹೀಗೆ. ಪಾಪ, ಸೆಕೆ ಹೇಗೆ ತಡ್ಕೊಂಡಳೋ!”

ತಾಯಿಯದು ಇಸ್ತ್ರಿ ಅಂಗಡಿ. ಹದಿನೈದು ವರ್ಷ ಅಮ್ಮ ಮಗಳು ಒಂದೇ ಮೇಜಿನ ಎರಡು ಬದಿಗೆ ನಿಂತು ಬಟ್ಟೆ ಉಜ್ಜಿದವರು. ಕಾವು ತಡೆಯದೆ ಮಗಳು ಹೊರಗೆ ಮೆಟ್ಟಿಲ ಮೇಲೆ ಕೂತಾಗಲೆಲ್ಲ ಅಮ್ಮನದು ಒಂದೇ ರಾಗ. “ಏಳೇ ಮೈಗಳ್ಳಿ! ಮೈಮೇಲೆ ಬೆವರೇ ಇಲ್ಲ, ಮಹಾರಾಣಿಗೆ ಸುಸ್ತಂತೆ!” ಗಿರಾಕಿಗಳೆದುರೂ ಬಿಟ್ಟವಳಲ್ಲ.

ಈಗ ಅವಳು ಕೈಲಿದ್ದ ಆಸ್ಪತ್ರೆ ಚೀಟಿಯನ್ನೇ ಮಡಚಿ, ಗಾಳಿ ಬೀಸೋಣವೆಂದು ಮಗಳ ಹಿಂದೆ ಹೋಗಿ ನಿಂತಳು. ದೀಪದ ಬಿಸಿಗೆ ತೂಕಡಿಸುತ್ತಿದ್ದ ಮಗಳು ಆ ಹೆಜ್ಜೆ ಸದ್ದಿಗೇ ದಡಬಡಿಸಿ ಎದ್ದಳು.

“ಒಂದೇ ನಿಮಿಷ ಕೂತಿದ್ದೆ ಅಷ್ಟೇ ಕಣಮ್ಮ. ಬಂದೆ.”