ಪಾನಿನ ಕಲೆ

"ನಮ್ಮವ್ವನ ಆಣಿ, ಸುಂದ್ರವ್ವಕ್ಕ, ಒಂದಕ್ಷರ ಸುಳ್ಳಿಲ್ಲ," ಅಂದ ಪೇಂಟರ್ ಚಂದ್ರಾಮ. "ನಿಮ್ಮ ಮನಿ ಮುಂದಿನ ಗ್ಯಾಲರಿ ರೇಲಿಂಗಿಗೆ ಹಚ್ಚಿದ್ದು ಭಾಳ ಶಾಣ್ಯಾ ಬಣ್ಣ. ಒಳಗ ಕಬ್ಬಿಣಕ್ಕ ಜಂಗ್ ಹಿಡಿದ್ರ ತಾನಾಗೇ ಕೆಂಪಾಗ್ತದ."

ಮುಂಬೈನ ಕುರ್ಲಾ ಸ್ಟೇಷನ್ ಮುಂದ ಮೆಂತೆ ಸೊಪ್ಪು ಆರಿಸ್ತಿದ್ದ ಸುಂದ್ರವ್ವ ನಕ್ಕಳು. "ಮತ್ತ ರೈಲು ಬಿಟ್ಟೇನೋ ತಮ್ಮಾ?"

ಚಂದ್ರಾಮ ನಗಲಿಲ್ಲ. "ಹೋದ ವಾರ ನಿಮ್ಮ ಮೂರನೇ ಮಾಳಿಗಿ ರೇಲಿಂಗಿನ ಮ್ಯಾಲ ಕೆಂಪು ಕಲೆ ಕಂಡ್ವು. ಕುರ್ಲಾದಾಗ ಕೆಂಪಂದ್ರ ಪಾನ್ ಅಲ್ಲೇನ್ರಿ? ಉಗುಳಿದವನ್ನ ಬೈಕೊಂತ ಮ್ಯಾಲ ಸಾದಾ ಬಣ್ಣ ಬಳದುಬಿಟ್ಟೆ. ಅದು ಜಂಗಿನ ಗುರ್ತು ಅಂತ ಬಣ್ಣದ ಕಂಪನಿ ಸಾಹೇಬ್ರು ಹೇಳಿದ್ದು ಇವತ್ತ. ತಪ್ಪು ನಂದಾ."

ಸುಂದ್ರವ್ವನ ಕೈ ನಿಂತಿತು. ಈ ಹೊತ್ತಿಗೆ ಸೊಸಿ ಶಿವಕುಮಾರಿ ಅದೇ ರೇಲಿಂಗಿಗೆ ಹೊಟ್ಟಿ ಆನಿಸಿ, ಬಗ್ಗಿ ಅರಿವಿ ಒಣಹಾಕ್ತಾಳ.

"ಹಂಗಂತ ಅಂಜಬ್ಯಾಡ್ರಿ ಅಕ್ಕಾ, ಅದು ಮುರಿಯೂದು ಅಂದ್ರ..."

ಚೀಲ ಅಲ್ಲೇ ಬಿಟ್ಟು ಸುಂದ್ರವ್ವ ಆಗಲೇ ರಸ್ತೆ ದಾಟಿದ್ದಳು.